ಬೇಲಿಯ ಬುಡದ ಹಾಲು

ಹಂದ್ಮಾ ಗೋಬಿ ಮರುಭೂಮಿಯಲ್ಲಿ, ದೇಶದ ಗಡಿಯ ಬಳಿ ಆಡು ಮೇಯಿಸುತ್ತಲೇ ಮುದುಕಿಯಾದವಳು. ಗಂಡ ಸತ್ತ ಮೇಲೆ ಗುಡಾರದಲ್ಲಿ ಒಬ್ಬಳೇ. ಅವಳು ಮದುವೆಯಾಗಿ ಬಂದಾಗ ಇಲ್ಲಿ ಬೇಲಿಯಿರಲಿಲ್ಲ. ಮಳೆ ಬಿದ್ದ ಕಡೆಗೆ ಕಾಡುಕತ್ತೆಗಳ ಹಿಂಡು ಓಡುತ್ತಿತ್ತು. ಈಗ ಅವು ತಂತಿಗೆ ಮೂತಿಯೊತ್ತಿ, ಆಚೆಯ ನೀರಿನ ವಾಸನೆ ಹಿಡಿಯುತ್ತಲೇ ಸಾಯುತ್ತವೆ. ನಕ್ಷೆ ಬರೆದ ಪುಣ್ಯಾತ್ಮರಿಗೆ ದೇಶ ಎರಡು, ಕತ್ತೆಗೆ ಹೊಟ್ಟೆ ಒಂದೇ.

ಅಂದು ಬೆಳಿಗ್ಗೆ ಹಾಲು ಕರೆದು ಬರುವಾಗ ಅರಚುವುದು ಕೇಳಿಸಿತು. ತಾಯಿಕತ್ತೆ ಹೇಗೋ ತಂತಿಯಡಿ ನುಸುಳಿ ಆಚೆ ನಿಂತಿತ್ತು. ಈಚೆ ಮರಿಯ ಕಾಲು ತಂತಿಯ ಮುಳ್ಳಿಗೆ ಸಿಕ್ಕಿ ರಕ್ತ ಸೋರುತ್ತಿತ್ತು.

ಬೇಲಿ ಮುಟ್ಟಿದರೆ ಮೇಯಿಸುವ ಪಾಸ್ ಹೋಗುತ್ತದೆ, ಜೈಲೂ ಆದೀತು. ಆದರೂ ಹಂದ್ಮಾ ಇಕ್ಕಳ ತಂದು ತಂತಿ ಕತ್ತರಿಸಿದಳು. ಮರಿ ಕುಂಟುತ್ತ ತಾಯಿಯನ್ನು ಸೇರಿತು. ಬೇಲಿಯುದ್ದಕ್ಕೂ ಹೆಜ್ಜೆ ಮೂಡಲೆಂದೇ ಸೈನಿಕರು ಹರಗಿಟ್ಟ ಮಣ್ಣಿನ ಪಟ್ಟಿಯಿತ್ತು. ತನ್ನ ಹೆಜ್ಜೆ, ಮರಿಯ ಗೊರಸು, ರಕ್ತ ಎಲ್ಲವನ್ನೂ ಪೊರಕೆಯಿಂದ ಗುಡಿಸುತ್ತ ಹಿಂದೆ ಹಿಂದೆ ಬಂದಳು.

ತಾಯಿಮರಿ ಹೊರಟವು. ದಾರಿ ಸುಖವಾಗಲೆಂದು ಹೊರಟವರ ಹಿಂದೆ ಹಾಲು ಚಿಮುಕಿಸದೆ ನಮ್ಮ ಸೀಮೆಯ ಯಾವ ಹೆಂಗಸೂ ಒಳಗೆ ಹೋಗುವುದಿಲ್ಲ. ಅವಳ ಕೈ ತಾನಾಗಿ ಪಕ್ಕದಲ್ಲಿಟ್ಟಿದ್ದ ಹಾಲಿನ ಕ್ಯಾನಿಗೆ ಇಳಿದು ಮೇಲೆದ್ದಿತು. ಅದು ಅವಳಿಗೇ ತಿಳಿಯಲಿಲ್ಲ.

ಮಧ್ಯಾಹ್ನ ಗಡಿಯ ಸೈನಿಕ ಚುಲೂನನ ಜೀಪು ಬಂದು, ಅವಳನ್ನು ಬೇಲಿಯ ಹತ್ತಿರ ಕರೆದೊಯ್ದಿತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

"ತಂತಿ ಯಾರಮ್ಮಾ ಕಿತ್ತಿದ್ದು?"

"ಗಾಳಿಗೆ ಕಿತ್ತೋಗಿರ್ಬೇಕು ಕಣಪ್ಪಾ."

"ಗಾಳಿ ಇಕ್ಕಳ ಹಿಡ್ಕೊಂಡು ಬಂದಿತ್ತಾ?" ನಗುತ್ತಲೇ ಬಗ್ಗಿದವನ ನಗು ನಿಂತಿತು. ಗುಡಿಸಿದ ಮಣ್ಣಿನ ಮೇಲೆ ಬಿಳಿಯ ಹನಿಗಳು ಒಣಗಿದ್ದವು. "ಹಾಲು! ನಾನು ಸೈನ್ಯಕ್ಕೆ ಹೊರಟಾಗ ನಮ್ಮಮ್ಮನೂ ಹಿಂಗೇ ಹಾಕಿದ್ಲು. ಯಾರನ್ನ ದಾಟಿಸಿದ್ರಿ, ಹೇಳಿ!"

"ಅಯ್ಯೋ, ಮನುಷ್ಯರಲ್ಲಪ್ಪಾ! ಕತ್ತೆಮರಿ! ಕಾಲು ಸಿಕ್ಕಾಕೊಂಡಿತ್ತು, ಬಿಡಿಸ್ದೆ, ಅಷ್ಟೇ!"

"ಕತ್ತೆಗೆ ಯಾರಾದ್ರೂ ಹಾಲು ಚಿಮುಕಿಸ್ತಾರೇನಮ್ಮಾ? ಆಯ್ತು, ಗೊರಸಿನ ಗುರುತು ತೋರಿಸಿ. ಒಂದೇ ಒಂದು. ನಂಬ್ತೀನಿ."

ಹಂದ್ಮಾ ಮಣ್ಣು ನೋಡಿದಳು. ಅವಳೇ ಗುಡಿಸಿದ ಮಣ್ಣು, ಎಷ್ಟು ನುಣುಪು! ಆಚೆಯ ಬಯಲಲ್ಲಿ ಗೊರಸುಗಳಿರಬಹುದು, ಆದರೆ ಅಲ್ಲಿಗೆ ಹೋಗಿ ನೋಡುವ ಅಧಿಕಾರ ಚುಲೂನನಿಗೂ ಇಲ್ಲ.

"ಸಾಹೇಬರಿಗೆ ಹೇಳೀರಂತೆ, ಹತ್ತಿ," ಎಂದ ಅವನು, ಅವಳ ಮುಖ ನೋಡದೆ.

"ಆಡುಗಳು..." ಎಂದಳು. ಅವನು ಬಾಗಿಲು ಹಾಕಿದ.

ಜೀಪು ಹೊರಟಿತು. ಹಂದ್ಮಾ ಭಯದಿಂದ ತಿರುಗಿ ನೋಡಿದಳು. ಗುಡಾರದ ಬಾಗಿಲು ತೆರೆದೇ ಇತ್ತು, ಹಾಲಿನ ಕ್ಯಾನು ಹೊಸ್ತಿಲಲ್ಲೇ ಇತ್ತು. ಅವಳ ಹಿಂದೆ ಚಿಮುಕಿಸಲು ಯಾರೂ ಇರಲಿಲ್ಲ.