ಕೊಟ್ರಪ್ಪನವರ ಕೌಂಟರು

ಮೊನ್ನೆ ಬೀರುವಿನ ಕೆಳಗಿನ ಅರೆಯಿಂದ ಹಳೆಯ ಶಾಲೊಂದನ್ನು ಎಳೆದಾಗ ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಆ ವಾಸನೆಗೆ ನಿಮಗೆ ಅಜ್ಜಿಯ ಟ್ರಂಕು ನೆನಪಾಗಬಹುದು, ಮದುವೆಯ ರೇಷ್ಮೆ ಸೀರೆ ನೆನಪಾಗಬಹುದು. ನನಗೆ ವೆಬ್‌ಸೈಟ್ ನೆನಪಾಗುತ್ತದೆ. ನಗಬೇಡಿ. ನಾನು ಮಾಡಿದ ಮೊಟ್ಟಮೊದಲ ವೆಬ್‌ಸೈಟಿಗೆ ನಿಜವಾಗಿಯೂ ನುಸಿಗುಳಿಗೆಯ ವಾಸನೆ ಇತ್ತು. ಅದರ ಯಜಮಾನರು ದಿನವೂ ಬಂದು ನನ್ನ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದರು.

ಹೋದ ಶತಮಾನದ ಕಟ್ಟಕಡೆಯ ಒಂದೆರಡು ವರ್ಷಗಳ ಮಾತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಬ್ಬ ಹಲ್ಲಿನ ಡಾಕ್ಟರ ದವಾಖಾನೆಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರವಿತ್ತು. ನಾನು ಅಲ್ಲಿ ಟೀಚರು. ಪುಸ್ತಕದಲ್ಲಿ ವಿದ್ಯಾರ್ಥಿಗಳಿಗಿಂತ ಒಂದೇ ಒಂದು ಪಾಠ ಮುಂದಿದ್ದೆ, ಅದೂ ಅವರು ರಜೆಯಲ್ಲಿ ಓದದಿದ್ದರೆ. ಇಂಟರ್ನೆಟ್ಟಿಗೆ ಹೋಗಬೇಕೆಂದರೆ ಫೋನ್ ಲೈನಿಗೆ ಮೋಡೆಮ್ ಸಿಕ್ಕಿಸಬೇಕಿತ್ತು, ಅದು ಕಿರ್ರೋ ಕುಯ್ಯೋ ಎಂದು ಅರ್ಧ ನಿಮಿಷ ಅರಚುತ್ತಿತ್ತು. ಕೆಳಗೆ ಕಾಯುತ್ತ ಕುಳಿತ ರೋಗಿಗಳು ಅದನ್ನು ಡಾಕ್ಟರ ಯಂತ್ರವೆಂದೇ ತಿಳಿದು ಒಬ್ಬೊಬ್ಬರೇ ಎದ್ದು ಹೋಗುತ್ತಾರೆಂದು ಡಾಕ್ಟರು ಎರಡು ಸಲ ದೂರು ಕೊಟ್ಟಿದ್ದರು.

ಆ ಮೆಟ್ಟಿಲು ಹತ್ತಿ ಒಂದು ದಿನ ಕೊಟ್ರಪ್ಪನವರು ಬಂದರು. ಅರವತ್ತರ ಆಸುಪಾಸು, ಬಿಳಿ ಪಂಚೆ, ಹಣೆಯಲ್ಲಿ ಮೂರೆಳೆ ವಿಭೂತಿ, ಮೈತುಂಬ ನುಸಿಗುಳಿಗೆ. ಹಳ್ಳಿಯ ನಾಟಕಗಳಿಗೆ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ ಅವರದು. ಕಿರೀಟ, ಗದೆ, ಗಡ್ಡ, ಭುಜಕೀರ್ತಿ, ರಾಣಿಯರ ಜಡೆ ಎಲ್ಲವನ್ನೂ ಹುಳು ಹಿಡಿಯದಂತೆ ಕಾಪಾಡುವುದರಲ್ಲೇ ಅವರ ಆಯುಷ್ಯ ಕಳೆದಿತ್ತು.

"ಟೀಚರಮ್ಮ, ಅದೇನೋ ವೆಬ್‌ಸೈಟ್ ಮಾಡ್ತೀರಂತಲ್ಲ, ನಮ್ಮಂಗಡಿಗೂ ಒಂದು ಮಾಡ್ರಿ" ಎಂದರು.

ಮೊದಲ ಗಿರಾಕಿ! ನಾನು ಉಬ್ಬಿಹೋಗಿ ಭಾಷಣಕ್ಕೇ ನಿಂತೆ. ಜಗತ್ತಿನ ಯಾವ ಮೂಲೆಯಲ್ಲಿ ಕೂತರೂ ನಿಮ್ಮ ಅಂಗಡಿ ನೋಡಬಹುದು, ಅಮೆರಿಕದಲ್ಲಿ, ಜಪಾನಿನಲ್ಲಿ...

"ಹರಿಹರದಾಗೆ ಕಾಣ್ತೈತೇನು?"

"ಲಂಡನ್ನಿನಲ್ಲೂ ಕಾಣುತ್ತೆ ಸರ್."

"ಲಂಡನ್ ಹಾಳಾಗಿ ಹೋಗ್ಲಿ. ಅವ್ರು ದುರ್ಯೋಧನನ ಡ್ರೆಸ್ ತಗಂಡು ಏನ್ ಮಾಡ್ತಾರೆ? ಹರಿಹರದಾಗೆ ಕಾಣ್ತೈತೋ ಇಲ್ಲೋ, ಅದನ್ನ ಹೇಳ್ರಿ."

ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಹರಿಹರಕ್ಕೆ ವೆಬ್‌ಸೈಟ್ ಯಾಕೆ ಬೇಕೆಂದು ನನಗೆ ಅರ್ಥವಾಗಲಿಲ್ಲ. ಕಾರಣ ತಿಳಿದದ್ದು ನಾಲ್ಕು ದಿನ ಬಿಟ್ಟು. ಹರಿಹರದಲ್ಲಿ ಹಾಲಪ್ಪನವರು ಇದ್ದರು. ಇಬ್ಬರೂ ಕೂಡಿ ಇಪ್ಪತ್ತು ವರ್ಷ ಒಂದೇ ಅಂಗಡಿ ನಡೆಸಿದವರು, ಡ್ರೆಸ್ಸು ಕೊಟ್ರಪ್ಪನವರದು, ಬಣ್ಣದ ಪರದೆಗಳು ಹಾಲಪ್ಪನವರದು. ಒಂದೂರಿನಲ್ಲಿ ದ್ರೌಪದಿಯ ಸೀರೆ ಸೆಳೆಯುವ ದೃಶ್ಯ ನಡೆದಿತ್ತು. ಒಂದಕ್ಕೊಂದು ಹೊಲಿದ ಸೀರೆಗಳ ಗಂಟು ಎರಡಿರಬೇಕಾದಲ್ಲಿ ಒಂದೇ ಬಂದಿತ್ತು. ಕೃಷ್ಣ ಇನ್ನೂ ಕೈಯೆತ್ತಿ ನಿಂತಿದ್ದಾಗಲೇ ಸೀರೆ ಮುಗಿದುಹೋಯಿತು. ದ್ರೌಪದಿ ಪಾತ್ರ ಮಾಡಿದ್ದವನು ಆನೆಕೊಂಡದ ಒಬ್ಬ ಪೈಲ್ವಾನ. ಅವನ ಪಟ್ಟಾಪಟ್ಟಿ ಚಡ್ಡಿ ಕಾಣುವುದಕ್ಕೂ ಹಾಲಪ್ಪನವರು ಪರದೆ ಬಿಡುವುದಕ್ಕೂ ಸರಿಹೋಯಿತಂತೆ, ಅದೂ ಅರಮನೆಯ ಪರದೆಯ ಬದಲು ಕಾಡಿನ ಪರದೆ. ಗಂಟು ಮರೆತವನು ನೀನು ಎಂದು ಇವರು, ಮಾನ ಉಳಿಸಿದವನು ನಾನು ಎಂದು ಅವರು. ಡ್ರೆಸ್ಸು ದಾವಣಗೆರೆಯಲ್ಲಿ ಉಳಿಯಿತು, ಪರದೆಗಳು ಹರಿಹರಕ್ಕೆ ಹೋದವು. ಒಂಬತ್ತು ವರ್ಷದಿಂದ ಮಾತಿಲ್ಲ.

"ಅವ್ನು ನೋಡ್ಬೇಕು ಟೀಚರಮ್ಮ. ನೋಡಿ ಹೊಟ್ಟೆ ಉರ್ಕಬೇಕು. ಅಷ್ಟಾದ್ರೆ ನನ್ನ ಕೆಲ್ಸ ಆತು" ಎಂದು ಕೊಟ್ರಪ್ಪನವರು ಮುಚ್ಚುಮರೆಯಿಲ್ಲದೆ ಹೇಳಿದರು.

ಸೈಟು ತಯಾರಾಯಿತು. ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲೂ ಮೂಡುತ್ತಿರಲಿಲ್ಲವಾದ್ದರಿಂದ ಬರಹವನ್ನೆಲ್ಲ ಚಿತ್ರ ಮಾಡಿ ಅಂಟಿಸಿದೆ. ಡ್ರೆಸ್ ಹಾಕಿಕೊಂಡು ನಿಲ್ಲಲು ಯಾರೂ ಒಪ್ಪದೆ ಕೊಟ್ರಪ್ಪನವರೇ ದುರ್ಯೋಧನನಾಗಿ ಗದೆ ಹಿಡಿದು ನಿಂತರು. ಆಗಿನ ಲೈನಿನಲ್ಲಿ ಆ ಫೋಟೋ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯುತ್ತಿತ್ತು. ಕಿರೀಟಕ್ಕೆ ಒಂದು ನಿಮಿಷ, ಮೀಸೆಗೆ ಇನ್ನೊಂದು. ಗದೆ ಬರುವಷ್ಟರಲ್ಲಿ ಎಷ್ಟೋ ಸಲ ಲೈನೇ ಕತ್ತರಿಸಿರುತ್ತಿತ್ತು.

ಕೆಳಗೆ ಒಂದು ಕೌಂಟರ್ ಇಟ್ಟೆ. ಪುಟವನ್ನು ಯಾರಾದರೂ ತೆರೆದರೆ ಒಂದೊಂದು ಏರುವ ಸಂಖ್ಯೆ ಅದು. ಯಾರೋ ಬರೆದು ಪುಕ್ಕಟೆ ಹಂಚಿದ್ದ ಪ್ರೋಗ್ರಾಮನ್ನು ಎತ್ತಿ, ಪುಕ್ಕಟೆ ಜಾಗ ಕೊಡುತ್ತಿದ್ದ ಅಮೆರಿಕದ ಸರ್ವರಿನಲ್ಲಿ ಕೂರಿಸಿದ್ದೆ. ಪುಕ್ಕಟೆಯ ಮೇಲೆ ಪುಕ್ಕಟೆ. ಕೊಟ್ರಪ್ಪನವರಿಗೆ ಇಡೀ ಸೈಟಿನಲ್ಲಿ ಹಿಡಿಸಿದ್ದು ಅದೊಂದೇ. ದಿನವೂ ಹನ್ನೊಂದು ಗಂಟೆಗೆ ಸರಿಯಾಗಿ ಬಂದು ಪಕ್ಕದಲ್ಲಿ ಕೂತು "ತೆಗೀರಿ" ಎನ್ನುವರು. ಮೊದಲ ದಿನ ಒಂದು, ಎರಡನೇ ದಿನ ಎರಡು, ಹದಿನೆಂಟನೇ ದಿನ ಹದಿನೆಂಟು. "ದಿನಕ್ಕೊಬ್ರು ಬರ್ತಾರಲ್ಲ, ಚಲೋ ಆತು" ಎಂದು ಖುಷಿಪಡುವರು. ಆ ದಿನಕ್ಕೊಬ್ಬರು ನೀವೇ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಅಷ್ಟರಲ್ಲಿ ಅವರು ಸೈಟಿನ ವಿಳಾಸವನ್ನು ಅಂಗಡಿಯ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿ ನಾಟಕದವರಿಗೆಲ್ಲ ಹಂಚಿದರು. ಮುಂದಿನ ವಾರದಿಂದ ಸಂಖ್ಯೆ ದಿನಕ್ಕೆ ಇಪ್ಪತ್ತರಂತೆ ಜಿಗಿಯತೊಡಗಿತು! ಕೊಟ್ರಪ್ಪನವರಿಗಿಂತ ಹೆಚ್ಚು ಬೆರಗಾದವಳು ನಾನು. ವೆಬ್‌ಸೈಟನ್ನು ಜನ ನಿಜಕ್ಕೂ ನೋಡುತ್ತಾರೆಂದು ನನಗೆ ಅಲ್ಲಿಯವರೆಗೆ ನಂಬಿಕೆಯಿರಲಿಲ್ಲ. ಮುನ್ನೂರರ ಹತ್ತಿರ ಬಂದಿದ್ದಾಗ ಒಂದು ದಿನ ಪುಟ ತೆರೆದರೆ ಕೆಳಗೆ "1" ಎಂದಿತ್ತು.

ಕೊಟ್ರಪ್ಪನವರು ಕನ್ನಡಕ ಒರೆಸಿ ಮತ್ತೆ ನೋಡಿದರು. "ಮುನ್ನೂರು ಮಂದಿ ಇದ್ರಲ್ರೀ. ಎಲ್ಲಿಗೆ ಹೋದ್ರು?"

ಆಮೇಲೆ ವಾರಕ್ಕೆ ಒಂದು ಸಲವೋ ಎರಡು ಸಲವೋ ಇದೇ ಕಥೆ. ನೂರು ಮುಟ್ಟುವಷ್ಟರಲ್ಲಿ ಸಂಖ್ಯೆ ಬಿದ್ದುಹೋಗುವುದು. ನಾನು ವೋಲ್ಟೇಜಿನ ಮೇಲೆ ಹಾಕಿದೆ, ಫೋನ್ ಲೈನಿನ ಮೇಲೆ ಹಾಕಿದೆ, ಅಮೆರಿಕದ ಮೇಲೂ ಹಾಕಿದೆ. ಪ್ರೋಗ್ರಾಮನ್ನು ಅಳಿಸಿ ಅದನ್ನೇ ಮತ್ತೆ ಹಾಕಿದೆ, ಅದೇ ಆಗ ನನಗೆ ಗೊತ್ತಿದ್ದ ದೊಡ್ಡ ರಿಪೇರಿ. ಏನೂ ತೋಚದೆ ಒಂದು ಬೆಳಗ್ಗೆ ಅವರು ಬರುವ ಮುಂಚೆ ಕೈಯಾರೆ ಐನೂರು ಎಂದು ತುಂಬಿಸಿಟ್ಟೆ.

"ನಿನ್ನೆ ಎಂಟಿತ್ತು, ಇವತ್ತು ಐನೂರು" ಎಂದರು ಕೊಟ್ರಪ್ಪನವರು. "ಇವ್ರೇನು ಲಾರಿ ಮಾಡ್ಕಂಡು ಬಂದ್ರೇನು?" ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. "ಐನೂರು ಬ್ಯಾಡ, ಸಾವ್ರ ಬ್ಯಾಡ. ಹಾಲಪ್ಪ ಒಬ್ಬ ನೋಡ್ಯಾನೋ ಇಲ್ಲೋ, ಅಷ್ಟು ಗೊತ್ತಾದ್ರೆ ಸಾಕು ಟೀಚರಮ್ಮ" ಎಂದು ಎದ್ದು ಹೋದರು. ಅವತ್ತು ನನಗೆ ಆದ ನಾಚಿಕೆಗೆ ಅಂದೇ ಕೂತು ಆ ಪ್ರೋಗ್ರಾಮನ್ನು ಮೊದಲ ಸಲ ಓದಿದೆ. ಅಲ್ಲಿಯವರೆಗೆ ಓದಿರಲೇ ಇಲ್ಲ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ದೋಷ ಎದುರಿಗೇ ಇತ್ತು. ಒಂದು ಕಪ್ಪು ಹಲಗೆ ಇದೆ ಅಂದುಕೊಳ್ಳಿ. ಬಂದವರು ಅಲ್ಲಿರುವ ಸಂಖ್ಯೆ ನೋಡಿ, ಒರೆಸಿ, ಒಂದು ಕೂಡಿಸಿ ಹೊಸದು ಬರೆಯಬೇಕು. ಒಬ್ಬ ಒರೆಸಿ ಇನ್ನೂ ಬರೆಯದಿರುವಾಗಲೇ ಮತ್ತೊಬ್ಬ ಬಂದರೆ? ಹಲಗೆ ಖಾಲಿ. ತಾನೇ ಮೊದಲನೆಯವನೆಂದು ತಿಳಿದು ಅವನು "ಒಂದು" ಎಂದು ಬರೆಯುತ್ತಾನೆ. ಆ ಪುಕ್ಕಟೆ ಸರ್ವರು ಎಷ್ಟು ನಿಧಾನವೆಂದರೆ, ಅದು ಒರೆಸುವುದಕ್ಕೂ ಬರೆಯುವುದಕ್ಕೂ ನಡುವೆ ಒಂದು ಎತ್ತಿನ ಗಾಡಿ ತಿರುಗಿಸಬಹುದಿತ್ತು. ಅಂದರೆ ಸಂಖ್ಯೆ ಬೀಳಬೇಕಾದರೆ ಇಬ್ಬರು ಒಟ್ಟಿಗೇ ಪುಟ ತೆರೆಯಬೇಕು. ಬಂದವರ ಹೊತ್ತನ್ನೂ ಲೈನಿನ ಗುರುತನ್ನೂ ಬರೆದಿಡುವಂತೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದೆ. ನಾಲ್ಕೇ ದಿನದಲ್ಲಿ ಉತ್ತರ ಸಿಕ್ಕಿತು: ಹನ್ನೊಂದು ಗಂಟೆಗೆ ನಾವು ತೆರೆಯುವಾಗಲೇ ಬೇರೆ ಲೈನಿನಿಂದ ಇನ್ಯಾರೋ ತೆರೆಯುತ್ತಿದ್ದರು, ಒಂದರ ಹಿಂದೊಂದು ಇಪ್ಪತ್ತು ಸಲ. ಕೊಟ್ರಪ್ಪನವರು ಕಾಯುತ್ತಿದ್ದ ಆ ಒಬ್ಬರೇ ಇರಬಹುದೇ ಎಂದು ನನಗೆ ಅನುಮಾನ ಬಂತು.

ಹರಿಹರದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೋರಿಸುವ ಜಾಗ ನನಗೆ ಗೊತ್ತಿದ್ದದ್ದು ಒಂದೇ, ಒಬ್ಬ ಹೆಂಗಸು ನಡೆಸುತ್ತಿದ್ದ ಎಸ್.ಟಿ.ಡಿ. ಫೋನ್ ಬೂತಿನ ಹಿಂದಿನ ಕೋಣೆ. ರಜೆ ಹಾಕಿ ಬಸ್ ಹತ್ತಿ ಹೋಗಿ ಅಲ್ಲಿ ಕೂತೆ. ಹನ್ನೊಂದು ಹೊಡೆಯುವ ಹೊತ್ತಿಗೆ ಬಣ್ಣದ ಕಲೆಯ ಅಂಗಿ ತೊಟ್ಟ ಒಬ್ಬ ಹಿರಿಯರು ಒಳಗೆ ಬಂದು, ಯಾರನ್ನೂ ಕೇಳದೆ ಕಂಪ್ಯೂಟರಿನ ಮುಂದೆ ಕೂತು, ಬೆರಳು ಮಡಿಚಿ ಎಣಿಸುತ್ತ ಗುಂಡಿ ಒತ್ತತೊಡಗಿದರು. ಪರದೆಯ ಮೇಲೆ ಕೊಟ್ರಪ್ಪನವರ ಕಿರೀಟ ಇಳಿಯುತ್ತಿತ್ತು.

ನಾನು ಹತ್ತಿರ ಹೋಗಿ ಈ ಸೈಟು ಮಾಡಿದವಳು ನಾನೇ ಎಂದೆ. ಹಾಲಪ್ಪನವರು ಕದ್ದು ಸಿಕ್ಕಿಬಿದ್ದವರ ಹಾಗೆ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡರು.

"ಮೊದ್ಲು ಹೊಟ್ಟೆಕಿಚ್ಚಿಗೇ ಬಂದೆ ಕಣಮ್ಮ, ಸುಳ್ಳ್ಯಾಕ ಹೇಳ್ಲಿ" ಎಂದರು. "ಕೆಳಗೆ ನಂಬರು ಹತ್ತೊಂಬತ್ತು ಅಂತಿತ್ತು. ಮರುದಿನ ಬಂದ್ರೆ ಇಪ್ಪತ್ತೊಂದು. ಅಂದ್ರೆ ನಂದೊಂದು, ಅವಂದೊಂದು. ಅಷ್ಟು ದೊಡ್ಡ ಕಿರೀಟ ಹಾಕ್ಕಂಡು ನಿಂತಾನೆ, ನೋಡೋರೇ ಇಲ್ಲ. ಪಾಪ ಅನ್ನಿಸ್ತು. ನಾಟಕಕ್ಕೆ ಜನ ಬರ್ಲಿಲ್ಲ ಅಂದ್ರೆ ನಾವೇ ಇಳಿದು ಮುಂದ್ಗಡೆ ಕೂಡ್ತಿದ್ವಿ. ಒಂದ್ಸಲ ಈ ಚಾಪೆ, ಒಂದ್ಸಲ ಆ ಚಾಪೆ, ಜನ ಭಾಳ ಅದಾರೆ ಅನ್ನಿಸ್ಬೇಕು ಅಂತ. ಹಂಗೇ ದಿನಾ ಒಂದಿಪ್ಪತ್ ಸಲ ಒತ್ತಿ ಹೋಗ್ತೀನಿ."

ಆ ಕರುಣೆಯಿಂದಲೇ ಕೌಂಟರು ಕುಸಿಯುತ್ತಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮನಸ್ಸು ತುಂಬಿ ಬಂದಿತ್ತು, ಜೊತೆಗೆ ನಗುವೂ. "ನಾನು ಬರ್ತೀನಿ ಅಂತ ಅವ್ನಿಗೆ ಹೇಳಿಗೀಳೀಯ ಮತ್ತೆ" ಎಂದು ಅವರು ಮಾತು ತೆಗೆದುಕೊಂಡೇ ನನ್ನನ್ನು ಬಸ್ ಹತ್ತಿಸಿದರು.

ಮರುದಿನ ಕೊಟ್ರಪ್ಪನವರಿಗೆ ಹಲಗೆಯ ಲೆಕ್ಕವನ್ನಷ್ಟೇ ಹೇಳಿದೆ. ನೀವೊಬ್ಬರೇ ನೋಡಿದರೆ ದಿನಕ್ಕೆ ಒಂದು ಏರುತ್ತೆ, ಇಬ್ಬರು ಒಟ್ಟಿಗೆ ನೋಡಿದರೆ ಬೀಳುತ್ತೆ. ಮೂರು ಸಾಲು ಬರೆದರೆ ಸರಿಹೋಗುತ್ತೆ, ಈಗಲೇ ಬರೆಯುತ್ತೇನೆ ಎಂದೆ.

"ಆ ಇನ್ನೊಬ್ರು ಯಾರು?"

ನಾನು ಕೀಬೋರ್ಡಿನ ಧೂಳು ಒರೆಸತೊಡಗಿದೆ.

"ಎಷ್ಟೊತ್ತಿಗೆ?"

"ಹನ್ನೊಂದಕ್ಕೆ."

ಅವರು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದರು. "ಬಾಗ್ಲು ತೆಗೆದು, ಕಸ ಹೊಡೆದು, ಊದುಬತ್ತಿ ಹಚ್ಚಿ, ಚಾ ಕುಡಿದ್ರೆ ಹನ್ನೊಂದಕ್ಕೆ ಕೈ ಖಾಲಿ. ನಮ್ಮಂಗಡಿದು ಇಪ್ಪತ್ತು ವರ್ಷ ಹಂಗೇ ನಡೀತು" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಕೈಯನ್ನು ಕೀಬೋರ್ಡಿನಿಂದ ಮೆಲ್ಲಗೆ ಸರಿಸಿದರು. "ರಿಪೇರಿ ಬ್ಯಾಡ್ರಿ. ರಿಪೇರಿ ಮಾಡಿದ್ರೆ ಅವ್ನು ಬಂದಿದ್ದು ನನಗೆ ಹೆಂಗೆ ಗೊತ್ತಾಗ್ಬೇಕು?"

ಹೀಗೆ ನನ್ನ ಮೊದಲ ಗಿರಾಕಿ ದೋಷವನ್ನೇ ಇಟ್ಟುಕೊಂಡರು. ಸಂಖ್ಯೆ ಬಿದ್ದ ದಿನ ನನಗೂ ಚಹಾ ಹೇಳುವರು. ಬೀಳದ ದಿನ ಇಪ್ಪತ್ತು ಏರಿದೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳುವರು. ಒಂಬತ್ತು ವರ್ಷ ಮಾತು ಬಿಟ್ಟ ಇಬ್ಬರು ದಿನಾ ಹೀಗೆ ಭೇಟಿಯಾಗುತ್ತಿದ್ದರು. ನಡುವೆ ಅಮೆರಿಕ ಇತ್ತು, ಅದಕ್ಕೆ ಈ ಸಂಗತಿ ತಿಳಿದಿರಲಿಲ್ಲ.

ಮಳೆಗಾಲದ ಶುರುವಿನಲ್ಲಿ ಐದು ದಿನ ಸಂಖ್ಯೆ ಬೀಳಲಿಲ್ಲ, ಜಿಗಿಯಲೂ ಇಲ್ಲ. ಐವತ್ತೆರಡು. ಐವತ್ತಮೂರು. ಐವತ್ತನಾಲ್ಕು. ಐದನೆಯ ದಿನ ಐವತ್ತಾರು ನೋಡಿದ ಕೊಟ್ರಪ್ಪನವರು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದರು.

"ಇದು ನಂದೊಬ್ಬಂದೇ. ಅವ್ನಿಗೆ ಆರಾಮಿಲ್ಲ. ನಡೀರಿ."

"ನಾನ್ಯಾಕೆ ಸರ್?"

"ನಾನೊಬ್ನೇ ಹೋದ್ರೆ ಸೋತು ಬಂದಂಗಾಗ್ತೈತೆ. ಕಂಪ್ಯೂಟರ್ ರಿಪೇರಿಗೆ ಬಂದೀವಿ ಅಂತ ಹೇಳಾನ."

ಬಸ್ಸಿನಲ್ಲಿ ಅವರು ಮುಂದಿನ ಸೀಟಿನ ಕಂಬಿ ಹಿಡಿದ ಕೈ ಹರಿಹರ ಬರುವವರೆಗೆ ಸಡಿಲವಾಗಲಿಲ್ಲ. ಹಳೇ ಊರಿನ ಓಣಿಯಲ್ಲಿ ಹಾಲಪ್ಪನವರ ಮನೆ ಹುಡುಕಿ ಹೋದರೆ, ಆ ಮನುಷ್ಯರು ಗಟ್ಟಿಮುಟ್ಟಾಗಿ ಪಡಸಾಲೆಯಲ್ಲಿ ಪರದೆ ಹರವಿಕೊಂಡು ಒಂದು ಆಕಳಿಗೆ ಬಣ್ಣ ಹಚ್ಚುತ್ತಿದ್ದರು. ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿ ಎಸ್.ಟಿ.ಡಿ. ಬೂತಿನದೂ ಸೇರಿ ಇಡೀ ಓಣಿಯ ಫೋನುಗಳು ಐದು ದಿನದಿಂದ ಸತ್ತಿದ್ದವು. ಅಷ್ಟೇ ಸಂಗತಿ.

ಹಾಲಪ್ಪನವರು ಕುಂಚ ಹಿಡಿದೇ ಎದ್ದು ನಿಂತರು. "ಯಾಕ ಬಂದಿ?"

"ನಂಬರು ಏರ್ತಾ ಹೊಂಟಿತ್ತು" ಎಂದರು ಕೊಟ್ರಪ್ಪನವರು. ಕಂಪ್ಯೂಟರ್ ರಿಪೇರಿಯ ಮಾತು ಅವರಿಗೆ ಮರೆತೇಹೋಗಿತ್ತು.

"ಏರಿದ್ರೆ ಒಳ್ಳೇದಲ್ಲೇನೋ?"

"ಏನ್ ಒಳ್ಳೇದು? ಬೀಳ್ಲೇ ಇಲ್ಲ. ನೀನು ಸತ್ತೋದ್ಯೇನೋ ಅಂತ ಬಂದೆ ಕಣೋ, ಹಲ್ಕಾ ನನ್ಮಗನೆ!" ಎನ್ನುತ್ತ ಕೊಟ್ರಪ್ಪನವರು ಒದ್ದೆ ಆಕಳಿನ ಮೇಲೆಯೇ ಕೂತುಬಿಟ್ಟರು. ಹಾಲಪ್ಪನವರು ಅವರ ಪಂಚೆಗೆ ಹತ್ತಿದ ಬಣ್ಣ ನೋಡಿದರು, ನನ್ನನ್ನು ನೋಡಿದರು, ಆಮೇಲೆ ಒಳಗೆ ತಿರುಗಿ ಮೂರು ಚಹಾ ಎಂದು ಕೂಗಿದರು. 

ಈಗ ಇಬ್ಬರೂ ಇಲ್ಲ, ಆ ಸರ್ವರೂ ಇಲ್ಲ. ನಾನು ಇದೇ ಕಸುಬಿನಲ್ಲಿ ಕೂದಲು ಬೆಳ್ಳಗಾಗಿಸಿಕೊಂಡಿದ್ದೇನೆ. ಇವತ್ತಿನ ಲೆಕ್ಕ ತಪ್ಪುವುದಿಲ್ಲ. ಯಾವ ಊರಿನಿಂದ ಬಂದರು, ಎಷ್ಟು ಹೊತ್ತು ನಿಂತರು, ಎಲ್ಲವನ್ನೂ ಬಣ್ಣದ ಪಟ್ಟಿ ಮಾಡಿ ಕೊಡುತ್ತೇವೆ. ಈ ಹಳೆಯದನ್ನೆಲ್ಲ ನೆನೆಯುತ್ತಿದ್ದ ಗುಂಗಿನಲ್ಲೇ ನಿನ್ನೆ ವಿದ್ಯಾನಗರದ ನಿವೃತ್ತ ಮೇಷ್ಟ್ರೊಬ್ಬರ ಫೋನ್ ಬಂತು. ತಾವು ಬರೆದು ಹಾಕಿದ ಪುಟಗಳನ್ನು ಈ ತಿಂಗಳು ಎಷ್ಟು ಮಂದಿ ನೋಡಿದ್ದಾರೆ ಎಂದು ಕೇಳಿದರು. ಇಷ್ಟು ವರ್ಷ ಇಂಥ ಪ್ರಶ್ನೆಗೆ ಸಂಖ್ಯೆ ಹೇಳಿ ಫೋನ್ ಇಟ್ಟವಳು ನಾನು. ನಿನ್ನೆ ಮಾತ್ರ, "ಯಾರು ನೋಡಬೇಕಿತ್ತು ಸರ್?" ಎಂದು ಕೇಳಿದೆ.

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಆಮೇಲೆ ಮೇಷ್ಟ್ರು, "ಪೆನ್ನು ಐತೇನ್ರಿ? ಬರ್ಕಳ್ರಿ" ಎಂದು ಒಂದು ಹೆಸರು ಹೇಳಿದರು.