ಒಂದು ಗೇಣು ಹಳೆಯ ಬಣ್ಣ

ಅವರ ಎರಡೂ ಮೊಣಕೈಗಳು ಎತ್ತಿನ ಹೆಗಲಿನಂತೆ ಜಡ್ಡುಗಟ್ಟಿದ್ದವು. ಸಂಖ ಊರಿನಲ್ಲಿ ನಮ್ಮ ಮನೆಯ ಗೋಡೆಗೆ ಹೊಂದಿಕೊಂಡೇ ಅವರ ಫೋಟೋ ಸ್ಟುಡಿಯೋ. ಮದುವೆ, ಬಸುರಿಯರ ಕುಬಸ, ಶಾಲೆಯ ಗುಂಪು ಫೋಟೋ ತೆಗೆಯುವವರ ಮೊಣಕೈ ಹೀಗೇಕೆ ಎಂದು ಕರಜಗಿಯಿಂದ ಸೊಸೆಯಾಗಿ ಬಂದ ಹೊಸತರಲ್ಲಿ ನನಗೆ ಸೋಜಿಗ. ಒಂದು ಬೆಳಿಗ್ಗೆ ಹಿತ್ತಲಿಗೆ ಹೋದರೆ, ಬೇಲಿಯಾಚೆ ಇವರು ಬೋರಲು ಬಿದ್ದಿದ್ದಾರೆ. ಗಾಬರಿಯಿಂದ ಕೂಗಿದೆ. ಅವರು ಕ್ಯಾಮೆರಾದಿಂದ ತಲೆಯೆತ್ತದೆ, "ಸುಮ್ಕ ಇರು ಬೇಟಾ, ಇರವಿ ಮಾರಿ ತೊಳಕೊಳ್ಳಾಕತ್ತೈತಿ" ಎಂದರು.

ನಾವೆಲ್ಲ ಅವರನ್ನು ಸ್ಟುಡಿಯೋ ಕಾಕಾ ಎನ್ನುತ್ತಿದ್ದೆವು. ಮದುವೆ ಕೆಲಸಕ್ಕೆ ಹಳತಾದ ಲೆನ್ಸನ್ನೇ ಕ್ಯಾಮೆರಾಕ್ಕೆ ಹಿಂದುಮುಂದಾಗಿ ಕೂಡಿಸಿ, ಸಾಸಿವೆಯಷ್ಟು ಹುಳದ ಮುಖವನ್ನು ಪರಾತದಷ್ಟು ದೊಡ್ಡದು ಮಾಡುತ್ತಿದ್ದರು. ನೊಣದ ಕಣ್ಣಿನ ಫೋಟೋ ತೋರಿಸಿದಾಗ ನಮ್ಮ ಅತ್ತೆ ಅದನ್ನು ಸೀರೆಯ ಅಂಚಿನ ನೇಯ್ಗೆ ಎಂದುಕೊಂಡು, "ಈ ದಡಿ ಎಲ್ಲಿ ಸಿಗತೈತ್ರಿ?" ಎಂದು ಕೇಳಿದ್ದರು. ಕಾಕಾ ಆ ಮಾತನ್ನು ಊರೆಲ್ಲ ಹೇಳಿಕೊಂಡು ತಿರುಗಿದರು.

ಹುಳಗಳ ವಿಷಯದಲ್ಲಿ ಮಾತ್ರ ಭಾರೀ ಶಿಸ್ತು. ಮುಟ್ಟುವಂತಿಲ್ಲ, ಹಿಡಿಯುವಂತಿಲ್ಲ, ಅಡ್ಡ ಬಂದ ಎಲೆಯನ್ನೂ ಕೀಳುವಂತಿಲ್ಲ. ಒಮ್ಮೆ ಜತ್ತದ ಇನ್ನೊಬ್ಬ ಫೋಟೋಗ್ರಾಫರ್ ಬಂದಿದ್ದ. ಹುಳವನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಮಿಸುಕಾಡುವುದಿಲ್ಲ, ಫೋಟೋ ಸ್ವಚ್ಛ ಬರುತ್ತದೆ ಎಂದ. ಕಾಕಾ ಚಹಾದ ಕಪ್ಪು ಕೆಳಗಿಟ್ಟರು.

"ಮದುಮಗಳು ನಗವಲ್ಲಳು ಅಂತ ಆಕೀಗಿ ಅಮಲಿನ ಗುಳಿಗಿ ಕೊಟ್ಟು ನಗಸ್ತೀರೇನ್ರಿ? ತಾನಾಗಿ ನಕ್ಕಾಗ ತಗೀಬೇಕು. ಇಲ್ಲಂದ್ರ ಬಿಡಬೇಕು."

ಅವರ ಬಹುದಿನದ ಆಸೆ ಒಂದೇ ಇತ್ತು. ಮುಂಗಾಲು ಮಡಚಿ ಕೈಮುಗಿದಂತೆ ಕೂರುವ ಹಸಿರು ಹುಳವಿದೆಯಲ್ಲ, ಅದರ ಮರಿಗಳು ತತ್ತಿಯೊಡೆದು ಹೊರಬರುವ ಗಳಿಗೆಯ ಫೋಟೋ ತೆಗೆಯಬೇಕು. ಎಷ್ಟೋ ವರ್ಷ ಹೊಲದ ಬದುಗಳಲ್ಲಿ ಕಾದಿದ್ದರು. ಪ್ರತಿ ಸಲವೂ ಇವರು ಹೋಗುವಷ್ಟರಲ್ಲಿ ಗೂಡು ಬರಿದಾಗಿರುತ್ತಿತ್ತು. ಕೊನೆಗೆ ಅಂಥದೊಂದು ಹುಳ ನಮ್ಮ ತಲಬಾಗಿಲ ಚೌಕಟ್ಟಿಗೇ ತತ್ತಿಯ ಗೂಡು ಕಟ್ಟಿತು, ಒಣಗಿದ ನೊರೆಯ ಉಂಡೆಯ ಹಾಗೆ.

ಆಗ ನನ್ನ ನಾದಿನಿಯ ಸಾಕರಪುಡಾ ಗೊತ್ತಾಗಿತ್ತು. ನಿಶ್ಚಿತಾರ್ಥಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಮನೆಗೆ ಬಣ್ಣ ಹೊಡೆಸುತ್ತಿದ್ದೆವು. ಕಾಕಾ ಓಡಿಬಂದು ಅತ್ತೆಯ ಮುಂದೆ, "ಅಷ್ಟ ಒಂದು ಗೇಣು ಬಿಡ್ರಿ ಅಕ್ಕಾ" ಎಂದು ಗೋಗರೆದರು.

"ಬೀಗರು ಬರೂ ಬಾಗಲಕ್ಕ ತ್ಯಾಪಿ ಹಚ್ಚಿದಂಗ ಕಾಣತೈತ್ರಿ" ಎಂದು ಗೊಣಗುತ್ತಲೇ ಅತ್ತೆ ಆ ಗೇಣಿಗೆ ಬಣ್ಣ ಹಚ್ಚಿಸದೆ ಬಿಟ್ಟರು. ಗೂಡನ್ನು ಚಾಕುವಿನಿಂದ ಬಿಡಿಸಿ ಸ್ಟುಡಿಯೋದಲ್ಲೇ ಇಟ್ಟುಕೊಳ್ಳಬಾರದೇ ಎಂದು ನಾನು ಕೇಳಿದೆ. ಕಾಕಾ ನನ್ನನ್ನು ಎಂಥ ಮಾತಾಡುತ್ತೀ ಎನ್ನುವಂತೆ ನೋಡಿದರು.

ಸಾಕರಪುಡಾದ ಮುಂಜಾನೆ, ಗುಡ್ಡಾಪುರದಿಂದ ಬೀಗರ ಗಾಡಿ ಬಂದು ನಿಲ್ಲುವುದಕ್ಕೂ ಗೂಡು ಬಿಚ್ಚುವುದಕ್ಕೂ ಸರಿಹೋಯಿತು. ಗೋಧಿಬಣ್ಣದ ಮರಿಗಳು ಸಣ್ಣ ನೂಲಿಗೆ ಜೋತುಬಿದ್ದು ಒಂದರ ಹಿಂದೊಂದು ಇಳಿಯತೊಡಗಿದವು. ಕಾಕಾ ಲೆನ್ಸ್ ತಿರುವಿ ಹಾಕುತ್ತಿದ್ದರು. ಅಷ್ಟರಲ್ಲಿ ಒಳಗಿನಿಂದ ಅತ್ತೆ, "ಅಯ್ಯ, ಹುಳ ಬಿದ್ದಾವು, ಕಸಬರಿಗಿ ತಾ ಲಗೂನ" ಎಂದರು. ಬೀಗರು ಹೊಸ್ತಿಲ ತನಕ ಬಂದೇಬಿಟ್ಟಿದ್ದರು. ನಮ್ಮ ಬಾಗಿಲೋ ಇಕ್ಕಟ್ಟು. ಯಾರ ಸೆರಗು ತಾಗಿದರೂ ಆ ಎಳೆಯ ಜೀವಗಳ ಕತೆ ಮುಗಿದಂತೆಯೇ.

ಕಾಕಾ ಕ್ಯಾಮೆರಾವನ್ನು ಕಟ್ಟೆಯ ಮೇಲಿಟ್ಟರು. ಗೂಡಿನ ಆಚೆಗೊಂದು ಈಚೆಗೊಂದು ಮೊಣಕೈ ಊರಿ, ಬರುವವರಿಗೆ ಬೆನ್ನು ಕೊಟ್ಟು ನಿಂತರು.

"ಬರ್ರಿ, ಬರ್ರಿ. ಸವಕಾಶ ಓರಿಯಾಗಿ ಬರ್ರಿ. ಇಲ್ಲಿ ಹೆರಿಗಿ ನಡದೈತಿ."

ಹೆರಿಗೆ ಎಂದಮೇಲೆ ಕೇಳಬೇಕೇ. ಬೀಗಿತ್ತಿಯರು ದನಿ ತಗ್ಗಿಸಿದರು, ಸೆರಗು ಬಿಗಿಯಾಗಿ ಸುತ್ತಿಕೊಂಡು ಒಬ್ಬೊಬ್ಬರಾಗಿ ಓರೆಯಾಗಿ ಒಳಗೆ ಬಂದರು. ಒಬ್ಬ ಅಜ್ಜಿ ಕಾಕಾನ ತೋಳಿನ ಕೆಳಗಿಂದ ಇಣುಕಿ, "ಯವ್ವಾ, ಎಷ್ಟೊಂದು ಕೂಸು" ಎಂದು ಅಲ್ಲೇ ನಿಂತುಬಿಟ್ಟಳು. ಅತ್ತೆ ಕಸಬರಿಗೆಯನ್ನು ಸದ್ದಿಲ್ಲದೆ ಮೂಲೆಗೆ ಸರಿಸಿದರು. ಎಲ್ಲರೂ ಒಳಗಾಗುವ ಹೊತ್ತಿಗೆ ಮರಿಗಳು ಚೌಕಟ್ಟು ಹತ್ತಿ ಬಾಗಿಲ ಪಕ್ಕದ ಮಲ್ಲಿಗೆ ಬಳ್ಳಿ ಸೇರಿದ್ದವು.

"ಫೋಟೋ ಹೋತಲ್ರೀ ಕಾಕಾ" ಎಂದೆ. ನನಗೆ ಅಳುವೇ ಬಂದಿತ್ತು.

ಅವರು ಕಣ್ಣೊರೆಸಿಕೊಂಡು ನಕ್ಕರು. "ಇಷ್ಟ ದಿನ ಲೆನ್ಸಿನಾಗಿಂದ ನೋಡ್ತಿದ್ದೆ. ಇವತ್ತ ಮಾರಿಗಿ ಮಾರಿ ಹಚ್ಚಿ ನೋಡಿದೆ ಬೇಟಾ. ಭಾಳ ಆತು."

ಆಮೇಲೆ ಒಳಗೆ ಬಂದು ಸಾಕರಪುಡಾದ ಫೋಟೋ ತೆಗೆದರು. ಆ ದಿನ ನಮಗೆ ಯಾರಿಗೂ ನಗಿ ಎಂದು ಹೇಳಬೇಕಾಗಲಿಲ್ಲ.

ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ಈ ವರ್ಷ ಮನೆಗೆ ಮತ್ತೆ ಬಣ್ಣ ಹೊಡೆಸಿದೆವು. ಚೌಕಟ್ಟಿನ ಆ ಹಳೆಯ ನೀಲಿ ಗೇಣಿಗೆ ಬಣ್ಣದವನು ಬ್ರಶ್ ಒಯ್ದಾಗ ಅತ್ತೆಯೇ, "ಅಷ್ಟು ಬಿಡಪಾ" ಎಂದರು. ಅಲ್ಲಿ ಈಗ ಗೂಡೂ ಇಲ್ಲ, ಮರಿಯೂ ಇಲ್ಲ. ಆದರೂ ಆ ಬಾಗಿಲಲ್ಲಿ ನಾವು ಮನೆಯವರೆಲ್ಲ ಇಂದಿಗೂ ಓರೆಯಾಗಿಯೇ ಒಳಗೆ ಹೋಗುತ್ತೇವೆ.