ಅತ್ತೆ ಎಡಗಡೆ ಹುಡುಕಿದ್ದು

ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ಫೋನಿನಲ್ಲಿ ಆಟ ಆಡುತ್ತೇನೆಂದು ಹೇಳಿಕೊಳ್ಳಲು ಬಹಳ ವರ್ಷ ನಾಚಿಕೆಪಟ್ಟಿದ್ದೇನೆ. ಬನ್ನಂಜೆಯ ಮನೆಯಿಂದ ಕಾರ್ಕಳದ ಶಾಲೆಗೆ ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಹೋಗುವಾಗ ಬಣ್ಣದ ಹರಳುಗಳನ್ನು ಮೂರು ಮೂರಾಗಿ ಜೋಡಿಸುವ ಆಟ. ಬರುವಾಗ, ಸಾಮಾನು ತುಂಬಿದ ಕೋಣೆಯ ಚಿತ್ರದಲ್ಲಿ ಪಟ್ಟಿಯಲ್ಲಿರುವ ವಸ್ತುಗಳನ್ನು ಹುಡುಕುವ ಆಟ. ಪಕ್ಕದ ಸೀಟಿಗೆ ಯಾರಾದರೂ ವಿದ್ಯಾರ್ಥಿಯ ತಾಯಿ ಬಂದು ಕೂತರೆ ಫೋನನ್ನು ಮಗುಚಿ ಮಡಿಲಲ್ಲಿಟ್ಟುಕೊಳ್ಳುತ್ತಿದ್ದೆ.

ಆದರೆ ಈ ಆಟಗಳ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿದ್ದವು. ಹರಳು ಜೋಡಿಸುವಾಗ ಕೈಗೆ ಕೆಲಸ, ತಲೆಗೆ ರಜೆ. ಹುಡುಕುವ ಆಟ ಹಾಗಲ್ಲ. ಅದರ ಹಿಂದೆ ಚಿತ್ರ ಬಿಡಿಸಿದವರು ಯಾರೋ ಇದ್ದಾರೆ, ಅವರು ನಮ್ಮ ಕಣ್ಣು ಎಲ್ಲಿ ಜಾರುತ್ತದೆಂದು ಯೋಚಿಸಿ ಇಟ್ಟಿರುತ್ತಾರೆ. ಒಳ್ಳೆಯ ಆಟದಲ್ಲಿ ಮೋಸ ಇರುವುದಿಲ್ಲ. ಕತ್ತರಿ ಕಿಟಕಿಯ ಸರಳುಗಳ ನಡುವೆ ತಾನೂ ಒಂದು ಸರಳಿನಂತೆ ನಿಂತಿರುತ್ತದೆ, ಸಿಕ್ಕಿದ ಮೇಲೆ ಕಣ್ಣೆದುರೇ ಇತ್ತಲ್ಲ ಎನಿಸುತ್ತದೆ. ಕೆಟ್ಟ ಆಟದಲ್ಲಿ ಕಪ್ಪು ಗೋಡೆಯ ಮೇಲೆ ಕಪ್ಪು ಬೀಗ ಇಟ್ಟು, ಸಾಲದ್ದಕ್ಕೆ ಗಡಿಯಾರ ಓಡಿಸಿ, ನಡುನಡುವೆ ಜಾಹೀರಾತು ತುರುಕುತ್ತಾರೆ. ಅಂಥದ್ದನ್ನು ನಾನು ಮೊದಲ ಲೆವೆಲ್ಲಿನಲ್ಲೇ ಅಳಿಸಿಹಾಕುತ್ತೇನೆ.

ಅತ್ತೆಗೆ ಸ್ಟ್ರೋಕ್ ಆಗದಿದ್ದರೆ ಇದೆಲ್ಲ ನನ್ನ ಹೊಟ್ಟೆಯೊಳಗೇ ಉಳಿಯುತ್ತಿತ್ತು.

ನನ್ನ ಗಂಡನ ತಾಯಿ ಅವರು, ಆಗ ಎಪ್ಪತ್ತೊಂದು ವರ್ಷ. ಅಡುಗೆಮನೆಯ ಯಾವ ಡಬ್ಬಿಯಲ್ಲಿ ಎಂತ ಉಂಟೆಂದು ಮುಚ್ಚಳ ತೆಗೆಯದೆ ಹೇಳುವವರು. ಮಾತು ಹೋಗಲಿಲ್ಲ, ಕೈಕಾಲು ಎರಡು ತಿಂಗಳಲ್ಲಿ ಸುಮಾರು ಸುಧಾರಿಸಿತು. ಆದರೆ ಅವರ ಪಾಲಿಗೆ ಎಡಗಡೆ ಎನ್ನುವುದೇ ಇಲ್ಲವಾಗಿತ್ತು. ಊಟದ ಬಟ್ಟಲಿನ ಬಲಭಾಗದ ಅನ್ನ ಉಂಡು, ಇಷ್ಟೇ ಬಡಿಸಿದ್ದಾ ಎಂದು ಕೇಳುತ್ತಿದ್ದರು. ಬಲಗಡೆಯ ಕೂದಲು ಮಾತ್ರ ಬಾಚಿಕೊಂಡು ಹೊರಗೆ ಬರುತ್ತಿದ್ದರು. ಎಡಗಡೆ ನಿಂತು ಕರೆದರೆ ಬಲಕ್ಕೆ ತಿರುಗಿ ನನ್ನನ್ನು ಹುಡುಕುತ್ತಿದ್ದರು.

ಮಣಿಪಾಲದಲ್ಲಿ ಅವರನ್ನು ನೋಡುತ್ತಿದ್ದ ಥೆರಪಿಸ್ಟ್ ಧಾರವಾಡ ಕಡೆಯ ಹುಡುಗಿ. “ಕಣ್ಣಿಗೇನೂ ಆಗಿಲ್ರೀ. ಎಡಗಡೆ ಅನ್ನೋದು ಒಂದು ಅದ ಅಂತ ಅವರ ಮಿದುಳು ಮರ್ತುಬಿಟ್ಟದ. ನೆನಪು ಮಾಡಿಕೊಡಬೇಕು,” ಎಂದಳು. ಮನೆಯಲ್ಲಿ ಮಾಡಿಸಲು ನಕ್ಷತ್ರಗಳ ಚಿತ್ರವಿದ್ದ ಹಾಳೆಗಳನ್ನು ಕೊಟ್ಟಳು. ಒಂದೊಂದೇ ನಕ್ಷತ್ರಕ್ಕೆ ಗೆರೆ ಹಾಕುತ್ತಾ ಹೋಗಬೇಕು. ಅತ್ತೆ ಎರಡು ದಿನ ಹಾಕಿದರು. ಮೂರನೆಯ ದಿನ ಪೆನ್ಸಿಲ್ ಕೆಳಗಿಟ್ಟು, ತಾನು ಒಂದನೇ ಕ್ಲಾಸಿನ ಮಗು ಅಲ್ಲ ಎಂದರು. ನಾನು ಒತ್ತಾಯಿಸಿದೆ. ಅವರು ಕಣ್ಣು ಮುಚ್ಚಿ ಕೂತರು.

ಮುಂದಿನ ವಾರ ಮಣಿಪಾಲಕ್ಕೆ ಹೋದಾಗ, ಅತ್ತೆ ವ್ಯಾಯಾಮದ ಕೋಣೆಯಲ್ಲಿದ್ದ ಹೊತ್ತಿನಲ್ಲಿ ನಾನು ಆ ಹುಡುಗಿಗೆ ನನ್ನ ಫೋನು ತೋರಿಸಿದೆ. ಜೀವನದಲ್ಲಿ ಮೊದಲ ಸಲ ಒಬ್ಬರೆದುರು ನನ್ನ ಆಟ ತೆರೆದದ್ದು. ಅವಳು ನಗಲಿಲ್ಲ. ದೊಡ್ಡ ಪರದೆಯಲ್ಲಿ, ಟೈಮರ್ ಇಲ್ಲದ್ದನ್ನು ಆಡಿಸಿ ನೋಡಿ ಎಂದಳು. ಪರದೆಯ ಎಡ ಅಂಚಿಗೆ ಕೆಂಪು ಟೇಪು ಅಂಟಿಸಬೇಕು, ನಾನು ಬೆರಳು ತೋರಿಸಬಾರದು, ಕೆಂಪು ಪಟ್ಟಿ ಕಾಣುವವರೆಗೆ ಕಣ್ಣನ್ನು ಎಡಕ್ಕೆ ಒಯ್ಯಿರಿ ಎಂದಷ್ಟೇ ಹೇಳಬೇಕು.

ಮಗಳ ಹಳೆಯ ಟ್ಯಾಬಿಗೆ ಟೇಪು ಅಂಟಿಸಿ ಅತ್ತೆಯ ಮುಂದಿಟ್ಟೆ. ಮೊದಲ ಚಿತ್ರ ಯಾವುದೋ ವಿದೇಶದ ಅಡುಗೆಮನೆ. ಒಲೆಯ ಮೇಲೆ ಕೊಡೆ, ಹಿಟ್ಟಿನ ಡಬ್ಬಿಯಲ್ಲಿ ಬೀಗದ ಕೈ, ಮೇಜಿನ ಮೇಲೆ ಚಪ್ಪಲಿ. ಅತ್ತೆ ಸ್ವಲ್ಪ ಹೊತ್ತು ನೋಡಿದರು.

“ಈ ಮನೆಯವರಿಗೆ ಎಂತ ಆಗಿದೆ? ಚಪ್ಪಲಿ ಇಡುವ ಜಾಗವಾ ಇದು?” ಎಂದು ಕೇಳಿದರು. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮುಟ್ಟಿದರೆ ಹೋಗುತ್ತದೆ ಎಂದೆ. ಅವರು ಚಪ್ಪಲಿಯನ್ನು ಮುಟ್ಟಿದರು, ಅದು ಮಾಯವಾಯಿತು. ಕೊಡೆಯನ್ನು ಮುಟ್ಟಿದರು. ಅರ್ಧ ಗಂಟೆ ಅಡುಗೆಮನೆಯ ಬಲಭಾಗವನ್ನು ಚೊಕ್ಕಟ ಮಾಡಿದರು. ಇಷ್ಟು ವರ್ಷ ಆಡಿದ ನನಗೆ ಹೊಳೆಯದೆ ಇದ್ದದ್ದು ಆಗ ಹೊಳೆಯಿತು. ನಾನು ಅದನ್ನು ಹುಡುಕುವ ಆಟ ಎಂದುಕೊಂಡಿದ್ದೆ. ಅತ್ತೆಗೆ ಅದು ಚೆಲ್ಲಾಪಿಲ್ಲಿಯಾದ ಮನೆ ಒತ್ತರೆ ಮಾಡುವ ಕೆಲಸ. ಆ ಆಟ ಮುಗಿದಾಗ ಸಿಗುವ ಸಮಾಧಾನ ಅದೇ ಅಲ್ವಾ?

ಪಟ್ಟಿ ಇಂಗ್ಲಿಷಿನಲ್ಲಿ ಇರುತ್ತಿತ್ತು, ನಾನು ಓದಿ ಹೇಳುತ್ತಿದ್ದೆ. ಕುದುರೆಯ ಲಾಳ, ಗರಿ, ಮೇಣದ ಬತ್ತಿ. ಬಲಗಡೆಯದೆಲ್ಲ ಚಕಚಕನೆ ಸಿಗುತ್ತಿತ್ತು. ಎಡಗಡೆಯದು ಬಂದಾಗ ಅತ್ತೆ ಮತ್ತೆ ಮತ್ತೆ ಬಲಗಡೆಯೇ ಸುತ್ತುತ್ತಿದ್ದರು. ಬಾಯಿ ಮುಚ್ಚಿ ಕೂರುವುದು ನನಗೆ ಬಹಳ ಕಷ್ಟವಾಯಿತು. ಒಂದು ದಿನ ತಡೆಯಲಾರದೆ ಹಿಂಟ್ ಬಟನ್ ಒತ್ತಿಬಿಟ್ಟೆ. ಎಡಮೂಲೆಯಲ್ಲಿ ಗಿಂಡಿ ಮಿನುಗಿತು. ಅತ್ತೆ ಟ್ಯಾಬನ್ನು ನನ್ನ ಕಡೆ ತಳ್ಳಿದರು.

“ನೀನೇ ಹುಡುಕುವುದಾದರೆ ನೀನೇ ಆಡು. ನನ್ನನ್ನು ಯಾಕೆ ಕೂರಿಸಿದ್ದು?”

ತಪ್ಪಾಯಿತೆಂದು ಹೇಳಿದೆ. ಅಂದಿನಿಂದ ಅವರು ಆಡುವಾಗ ನಾನು ಉತ್ತರಪತ್ರಿಕೆಗಳನ್ನು ಹಿಡಿದುಕೊಂಡು ಕೂರತೊಡಗಿದೆ. ಕಣ್ಣಿಗೆ ಬೇರೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ.

ಒಂದು ಶನಿವಾರ ಮಧ್ಯಾಹ್ನ ದೋಣಿ ಕಟ್ಟುವ ಜಾಗದ ಚಿತ್ರ ಬಂತು. ಒಂದು ಲಾಟೀನು ಮಾತ್ರ ಬಾಕಿ. ಇಪ್ಪತ್ತು ನಿಮಿಷ ಕಳೆದರೂ ಸಿಗಲಿಲ್ಲ. ನನಗೆ ಅದು ಕಾಣುತ್ತಿತ್ತು, ಎಡ ಅಂಚಿನಲ್ಲಿ ಬಲೆಗಳ ರಾಶಿಯ ಹಿಂದೆ. ನೋಡುತ್ತಾ ಕೂರಲಾಗದೆ ಬಟ್ಟೆ ತೆಗೆಯಲು ಮೇಲೆ ಹೋದೆ. ಇಳಿದು ಬಂದಾಗ ಪರದೆಯ ಮೇಲೆ ಮುಂದಿನ ಚಿತ್ರವಿತ್ತು. ಅತ್ತೆ ಅದರ ಕಡೆ ನೋಡುತ್ತಿರಲಿಲ್ಲ, ಕೈ ಮಡಿಲಲ್ಲಿಟ್ಟು ಕೂತಿದ್ದರು.

“ಕೆಂಪು ಪಟ್ಟಿಯ ಹತ್ತಿರ ಇತ್ತು ಮಗಾ. ಇಷ್ಟು ದಿನ ನಾನೇ ಅಲ್ಲಿಗೆ ಹೋಗಿರಲಿಲ್ಲ.”

ನಾನು ಬಟ್ಟೆಯ ರಾಶಿಯೊಂದಿಗೆ ಅವರ ಪಕ್ಕದಲ್ಲಿ ಕೂತೆ. ಇಬ್ಬರೂ ಸೇರಿ ಮಡಚಿದೆವು.

ತಿಂಗಳು ಕಳೆದು ಕಾಪುವಿನಲ್ಲಿರುವ ಅವರ ತಂಗಿಯ ಮನೆಗೆ ಕರೆದುಕೊಂಡು ಹೋದೆ. ಒಳಗೆ ಕಾಲಿಟ್ಟ ಅತ್ತೆ ಚಾವಡಿಯಲ್ಲಿ ನಿಂತು, ಗಡಿಯಾರ ನಿಂತಿದೆಯಲ್ಲ ಎಂದರು. ಅದು ಎಡಗಡೆಯ ಗೋಡೆಯಲ್ಲಿತ್ತು. ಎಷ್ಟು ದಿನದಿಂದ ನಿಂತಿದೆಯೋ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಂಗಿ ನಕ್ಕು ಸೆಲ್ಲು ಹುಡುಕಲು ಹೋದರು. ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತೆ.

ಇದು ಆಟದಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ವ್ಯಾಯಾಮವಿತ್ತು, ಔಷಧವಿತ್ತು, ಕೆಲವರಿಗೆ ತನ್ನಷ್ಟಕ್ಕೇ ಸುಧಾರಿಸುವುದೂ ಉಂಟು ಎಂದು ಥೆರಪಿಸ್ಟ್ ಹುಡುಗಿಯೇ ಹೇಳಿದಳು. ದಣಿದ ದಿನ ಅತ್ತೆಯ ಎಡಭುಜ ಈಗಲೂ ಬಾಗಿಲಿಗೆ ತಾಗುತ್ತದೆ. ಆದರೆ ನಕ್ಷತ್ರದ ಹಾಳೆಗೆ ಕಣ್ಣು ಮುಚ್ಚಿದವರನ್ನು ದಿನಕ್ಕೆ ಒಂದು ಗಂಟೆ ಕಣ್ಣು ತೆರೆದು ಕೂರಿಸಿದ್ದು ಆ ಆಟ. ಅವಸರ ಮಾಡದೆ, ತಪ್ಪಿದರೆ ಗದರದೆ, ಹುಡುಕುವವರು ಬರುವವರೆಗೆ ವಸ್ತುವನ್ನು ಇಟ್ಟಲ್ಲೇ ಇಟ್ಟುಕೊಂಡು ಕಾಯುವ ಆಟ. ಕಲಿಸುವವಳಾಗಿ ನನ್ನಲ್ಲಿ ಅಷ್ಟು ತಾಳ್ಮೆ ಇಲ್ಲ.

ಈಗ ಊರು ಕಟ್ಟುವ ಸ್ಟ್ರಾಟಜಿ ಆಟವೊಂದನ್ನು ಇಬ್ಬರೂ ಒಂದೇ ಖಾತೆಯಲ್ಲಿ ಆಡುತ್ತಿದ್ದೇವೆ, ನಾನು ಫೋನಿನಲ್ಲಿ, ಅವರು ಟ್ಯಾಬಿನಲ್ಲಿ. ಗೋದಾಮು ಮೊದಲೋ ಕೋಟೆ ಮೊದಲೋ ಎಂದು ದಿನಾ ಚರ್ಚೆ. ಅತ್ತೆ ಕೋಟೆಗೆ ಒಪ್ಪುವುದಿಲ್ಲ. ಬಾವಿ ತೋಡದೆ ಜನರನ್ನು ಕರೆಸಿಕೊಂಡರೆ ಅವರು ಎಂತ ಕುಡಿಯುವುದು ಎಂಬುದು ಅವರ ವಾದ. ಬೆಳಿಗ್ಗೆ ಬಸ್ಸಿನಲ್ಲಿ ನಾನು ಕೋಟೆ ಕಟ್ಟಿರುತ್ತೇನೆ, ಸಂಜೆ ಮನೆಗೆ ಬಂದರೆ ಅತ್ತೆ ಅದನ್ನು ಕೆಡವಿ ಬಾವಿ ಮಾಡಿರುತ್ತಾರೆ.